ಭರಣಿಯಲ್ಲಿ ಉಳಿದ ಎಣ್ಣೆ

ಮೂಡಬಿದ್ರೆಯಿಂದ ಸಿದ್ಧಕಟ್ಟೆಗೆ ಬರುವ ಬಸ್ಸು ಇಳಿಜಾರಿನಲ್ಲಿ ಬ್ರೇಕು ಹಾಕಿತೆಂದರೆ ಒಳಗೆಲ್ಲ ಸುಟ್ಟ ವಾಸನೆ ತುಂಬಿಕೊಳ್ಳುತ್ತದೆ. ಉಳಿದವರು ಸೆರಗು, ಕರವಸ್ತ್ರ ಏನು ಸಿಕ್ಕಿತೋ ಅದನ್ನು ಮೂಗಿಗೆ ಹಿಡಿಯುತ್ತಾರೆ. ನನಗೆ ಮಾತ್ರ ಅದರ ಜೊತೆ ಕಾದ ತೆಂಗಿನೆಣ್ಣೆಯ ವಾಸನೆಯೂ ಬರುತ್ತದೆ. ಬಸ್ಸಿನ ಬ್ರೇಕಿಗೆ ತೆಂಗಿನೆಣ್ಣೆ ಹಾಕುವ ಮರುಳು ಯಾರೂ ಇಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದೂ ಬರುತ್ತದೆ, ಬಂದ ಕೂಡಲೇ ಕಿವಿಯವರೆಗೆ ಬಿಸಿಯಾಗುತ್ತದೆ. ಮೊನ್ನೆ ಹಾಗಾದಾಗ ಪಕ್ಕದಲ್ಲಿದ್ದ ಹೆಂಗಸು, "ಎಂತ ಅಕ್ಕಾ, ತಲೆ ತಿರುಗ್ತದಾ? ಮುಂದಿನ ಸೀಟಿಗೆ ಹೋಗ್ತೀರಾ?" ಎಂದು ಕೇಳಿದಳು. ತಲೆ ತಿರುಗುವುದಲ್ಲ, ನಾಚಿಕೆ ಆಗುವುದು ಎಂದರೆ ಅವಳು ನನ್ನನ್ನು ಏನೆಂದು ತಿಳಿದುಕೊಂಡಾಳು! ಸುಮ್ಮನೆ ತಲೆಯಾಡಿಸಿದೆ.

ಬಾಬುವನ್ನು ನೋಡಲು ಹೊರಟಿದ್ದೆ. ಬಾಬು ಯಾರೆಂದು ಹೇಳಬೇಕಾದರೆ ಎಪ್ಪತ್ತರ ದಶಕದ ಒಂದು ಬೇಸಿಗೆಯನ್ನು ಹೇಳಬೇಕು.

ಭೂಮಸೂದೆ ಬಂದು ಒಕ್ಕಲಿನವರೆಲ್ಲ ಡಿಕ್ಲರೇಶನ್ ಕೊಟ್ಟು ತಾವು ಉಳುತ್ತಿದ್ದ ಗದ್ದೆಗಳಿಗೆ ತಾವೇ ಒಡೆಯರಾದ ಕಾಲ ಅದು. ಸಿದ್ಧಕಟ್ಟೆಯ ಹತ್ತಿರ ನನ್ನ ಅಪ್ಪನಿಗಿದ್ದ ಗದ್ದೆಗಳಲ್ಲಿ ಹೆಚ್ಚಿನವು ಹಾಗೆ ಹೋದವು. ಬೈಲಿನ ದೊಡ್ಡ ತುಂಡು ಬಾಬುವಿಗೆ ಬಂತು. ಆ ತುಂಡಿನ ಮೂಲೆಯಲ್ಲಿ ನಮ್ಮ ಮನೆಗೆ ನೀರು ಕೊಡುತ್ತಿದ್ದ ಹಳೆಯ ಬಾವಿಯಿತ್ತು. ಅದೂ ಗದ್ದೆಯ ಜೊತೆಗೇ ಹೋಯಿತು. "ಧಣಿಗಳು ಯಾವಾಗ ಬೇಕಾದ್ರೂ ನೀರು ತಗೊಳ್ಳಲಿ, ಬಾವಿ ಎಲ್ಲಿಗೂ ಓಡುದಿಲ್ಲ" ಎಂದು ಬಾಬು ಮನೆಗೇ ಬಂದು ಹೇಳಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅಪ್ಪನಿಗೆ ಅದೇ ತಡೆಯಲಿಲ್ಲ. ನಿನ್ನೆಯವರೆಗೆ ಅಂಗಳದ ಕೆಳಗೆ ನಿಂತು ಮಾತಾಡುತ್ತಿದ್ದವ ಇವತ್ತು ನೀರಿಗೆ ಅಪ್ಪಣೆ ಕೊಡುವುದೆಂದರೆ! ಮನೆಯ ಹಿಂದಿನ ಗಟ್ಟಿ ಕೆಂಪು ಮುರಕಲ್ಲಿನ ಗುಡ್ಡೆಯಲ್ಲೇ ಹೊಸ ಬಾವಿ ತೋಡಿಸುತ್ತೇನೆಂದು ಹಠ ಹಿಡಿದರು. ಅಲ್ಲಿ ನೀರು ಸಿಕ್ಕಬೇಕಾದರೆ ಪಾತಾಳಕ್ಕೆ ಇಳಿಯಬೇಕು ಎಂದು ಊರೆಲ್ಲ ಹೇಳಿತು. ಅಪ್ಪನಿಗೆ ಊರಿನ ಮಾತು ಯಾವತ್ತು ಕಿವಿಗೆ ಹೋಗಿತ್ತು?

ಪಾತಾಳದ ಕೆಲಸ ಗೊತ್ತಿದ್ದವರು ನನ್ನ ಗಂಡ. ಆಗೆಲ್ಲ ಗಂಡನ ಹೆಸರು ಹೇಳುತ್ತಿರಲಿಲ್ಲ. ಈಗ ಅವರೇ ಇಲ್ಲ, ಹೇಳಿದರೆ ಬೈಯುವವರೂ ಇಲ್ಲ. ವಾಸು ಎಂದು ಹೆಸರು. ಘಟ್ಟದ ಮೇಲೆ ಒಂದು ಗಣಿಯಲ್ಲಿ ನೆಲದೊಳಗೆ ವಿಂಚು ನಡೆಸುತ್ತಿದ್ದರು. ಅದಿರು ತುಂಬಿದ ಗಾಡಿಗಳನ್ನು ಕಬ್ಬಿಣದ ಹಗ್ಗದಲ್ಲಿ ಎಳೆಯುವ, ಇಳಿಸುವ ಕೆಲಸ. ಆ ಸುರಂಗ ಮುಚ್ಚಿದ ಮೇಲೆ ಗಣಿಯವರು ಹಳೆಯದೆಂದು ಬಿಟ್ಟ ಕೈವಿಂಚೊಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಊರಿಗೆ ಬಂದರು. ಬಾವಿ ತೋಡುವಲ್ಲಿಗೆ ಕೊಂಡುಹೋಗಿ ಹೊಟ್ಟೆಪಾಡು ನೋಡಿಕೊಳ್ಳುವ ಎಂಬ ಲೆಕ್ಕ. ಅಮ್ಮ ತೀರಿಹೋಗಿ ಅಪ್ಪ ಒಬ್ಬರೇ ಇದ್ದುದರಿಂದ ನಾವು ನನ್ನ ತವರಿನಲ್ಲೇ ಉಳಿದೆವು. ಹೆಂಡತಿಯ ಮನೆಯಲ್ಲಿ ಉಣ್ಣುವ ಅಳಿಯ ಎಂದು ಹಿಂದಿನಿಂದ ಜನ ಆಡಿಕೊಳ್ಳುತ್ತಿದ್ದರು. ಮುಂದಿನಿಂದ ಆಡಿಕೊಳ್ಳಲು ಧೈರ್ಯವಿರಲಿಲ್ಲ, ಯಾಕೆಂದರೆ ವಿಂಚಿನ ಹತ್ತಿರ ನಿಂತಾಗ ಅವರ ಬಾಯಿ ಭಾರಿ ಜೋರು.

ನಿಜವಾಗಿ ಮನೆಯಲ್ಲಿ ಅವರಷ್ಟು ಮೆತ್ತಗಿನ ಮನುಷ್ಯ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ "ರುಚಿ ಉಂಟು" ಎಂದು ಉಣ್ಣುವವರು. ವಿಂಚಿನ ಹಿಂದೆ ನಿಂತ ಕೂಡಲೇ ಬೇರೆಯೇ ಆಗುತ್ತಿದ್ದರು. ಬೆಳಿಗ್ಗೆ ಎದ್ದು ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಉಕ್ಕಿನ ಹಗ್ಗವನ್ನು ಉದ್ದಕ್ಕೂ ಸವರುವುದು. ಎಲ್ಲಾದರೂ ಎಳೆ ಕಡಿದಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದಂತೆ. ಆಮೇಲೆ ಹಲ್ಲುಗಾಲಿ ಹಿಂದೆ ತಿರುಗದ ಹಾಗೆ ತಡೆಯುವ ಕೊಕ್ಕೆ ಸರಿಯಾಗಿ ಕೂರುತ್ತದಾ, ಬ್ರೇಕು ಹಿಡಿಯುತ್ತದಾ ಎಂದು ಖಾಲಿ ಬಕೆಟನ್ನು ಇಳಿಸಿ ನೋಡುವುದು. ಎಳೆದು ಬಿಗಿಯಾದ ಹಗ್ಗದ ಪಕ್ಕ ಯಾರೂ ನಿಲ್ಲಬಾರದು, ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. ಬಕೆಟಿನಲ್ಲಿ ಮನುಷ್ಯರು ಕೂರಬಾರದು. ಬಕೆಟ್ ಅಲ್ಲಾಡುವಾಗ ಕೆಳಗಿದ್ದವ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಒಂದೇ ಎರಡೇ! ಊರಿನವರಿಗೆ ಇದು ಒಳ್ಳೆಯ ತಮಾಷೆಯಾಯಿತು. ಸಿದ್ಧಕಟ್ಟೆಯ ಚಾದಂಗಡಿಯಲ್ಲಿ ಅವರು ಗ್ಲಾಸು ಎತ್ತಿದರೆ, "ವಾಸಣ್ಣ, ಚಾ ಮೇಲೆ ಬರುವಾಗ ನಾವು ಬದಿಗೆ ನಿಲ್ಬೇಕಾ?" ಎಂದು ಕೇಳುತ್ತಿದ್ದರಂತೆ.

ನನಗೆ ಅವರ ಬಗ್ಗೆ ನಾಚಿಕೆಯಾಗುತ್ತಿತ್ತು. ಮುಚ್ಚಿಟ್ಟು ಪ್ರಯೋಜನವಿಲ್ಲ. ತವರಿನ ಅಂಗಳದಲ್ಲಿ, ನಾನು ಹುಟ್ಟಿದಾಗಿನಿಂದ ಕಂಡ ಹಿರಿಯರನ್ನು "ಹಿಂದೆ ಹೋಗಿ, ಹಿಂದೆ!" ಎಂದು ನನ್ನ ಗಂಡ ದನ ಅಟ್ಟಿದ ಹಾಗೆ ಅಟ್ಟುವಾಗ ನಾನು ಅಡಿಗೆಮನೆಯಲ್ಲಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದೆ.

ಬಾವಿ ತೋಡಲು ಬಂದವ ಮತ್ತೆ ಅದೇ ಬಾಬು. ಅಪ್ಪ ಕರೆದದ್ದಲ್ಲ. ಮುರಕಲ್ಲು ಮುಗಿದು ಜೇಡಿ ಮಣ್ಣು ಬಂದಾಗ ಬೇರೆ ಆಳುಗಳು ಕುಸಿತಕ್ಕೆ ಹೆದರಿ ಬಿಟ್ಟುಹೋದರು. ಆಗ ಅವನೇ ಬಂದು ನನ್ನ ಗಂಡನ ಹತ್ತಿರ, "ಧಣಿಗಳ ಮನೆಗೆ ಬಾವಿ ನಾನಲ್ಲದೆ ಯಾರು ತೋಡುದು ವಾಸಣ್ಣ?" ಎಂದ. ಜೇಡಿಯ ಕೆಳಗೆ ಗಟ್ಟಿ ಬಂಡೆ ಸಿಕ್ಕಿತು. ಬಂಡೆಯನ್ನು ಒಡೆಯುವುದಕ್ಕಿಂತ ಅದರ ಬದಿಯಿಂದ ಅಡ್ಡ ಸುರಂಗ ಕೊರೆದರೆ ಒರತೆ ಸಿಕ್ಕಬಹುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಅಷ್ಟು ಕೆಳಗೆ ಬಾಬು ಕೊರೆಯುವುದು, ಮೇಲೆ ಇಬ್ಬರು ಹ್ಯಾಂಡಲ್ ತಿರುಗಿಸಿ ಮಣ್ಣು ಎತ್ತುವುದು, ವಾಸು ಬ್ರೇಕು ಹಿಡಿಯುವುದು. ಬಾಬು ಕೆಳಗಿಂದ ಕೂಗಿದರೆ ಅದು ಬಾಬುವಿನ ಸ್ವರವೆಂದೇ ಗೊತ್ತಾಗುತ್ತಿರಲಿಲ್ಲ.

ನಮ್ಮ ಕಡೆಯ ಹೊಸವರ್ಷದ ಹಬ್ಬ ಬಿಸುವಿಗೆ ಕೆಲವು ದಿನ ಇರುವಾಗ ಒಂದು ಸಂಗತಿ ನಡೆಯಿತು. ಅಪ್ಪ ನೆಂಟರೊಬ್ಬರನ್ನು ಕರೆದುಕೊಂಡು ಬಾವಿ ತೋರಿಸಲು ಹೋದರು. ಅಪ್ಪನ ಹೆಗಲಲ್ಲಿ ಜರಿಯಂಚಿನ ಶಾಲು. ಮಣ್ಣು ತುಂಬಿದ ಬಕೆಟ್ ಮೇಲೆ ಬರುತ್ತಿತ್ತು. ಅಪ್ಪ ವಿಂಚಿನ ಮೇಲೆ ಬಗ್ಗಿ ಏನೋ ವಿವರಿಸಲು ಹೊರಟದ್ದೇ ತಡ, ವಾಸು ಒಂದು ಕೈಯಿಂದ ಆ ಶಾಲನ್ನು ಸೆಳೆದು ಮಣ್ಣಿನ ರಾಶಿಗೆ ಎಸೆದರು. "ಮಾವ, ಹಿಂದೆ ಹೋಗಿ!" ಎಂದು ಅಬ್ಬರಿಸಿದರು. ಅಪ್ಪ ಬಿಳುಚಿಹೋದರು. ನೆಂಟರು ಆಕಾಶ ನೋಡಿದರು.

"ಗಣಿಯಲ್ಲಿ ಒಬ್ಬನ ಮಫ್ಲರು ಹಗ್ಗದ ಜೊತೆ ಡ್ರಮ್ಮಿಗೆ ಸುತ್ತಿಕೊಂಡಿತ್ತು" ಎಂದು ಆ ಸಂಜೆ ವಾಸು ನನಗೆ ಹೇಳಿದರು. "ನಾನು ಅವನ ಪಕ್ಕದಲ್ಲೇ ಇದ್ದೆ. ಎಂತ ಕಂಡೆ ಅಂತ ನಿನಗೆ ಹೇಳುದಿಲ್ಲ."

"ಸರಿ, ಆದ್ರೂ ಮೆಲ್ಲ ಹೇಳಬಹುದಿತ್ತಲ್ಲ? ನೆಂಟರ ಎದುರು!"

"ಮೆಲ್ಲ ಹೇಳುವಷ್ಟು ಸಮಯ ಅದು ಕೊಡುದಿಲ್ಲ ಮಾರಾಯ್ತಿ" ಎಂದರು. ಆದರೆ ಮರುದಿನ ತಾವೇ ಶಾಲನ್ನು ಒಗೆದು ಅಪ್ಪನ ಕುರ್ಚಿಯ ಮೇಲೆ ಹಾಕಿ ಬಂದರು. ಅಪ್ಪ ಅದನ್ನು ಮತ್ತೆ ಹೊದೆಯಲಿಲ್ಲ.

ಬಿಸು ಬಂತು. ನಮ್ಮ ಮನೆಯಲ್ಲಿ ಆ ದಿನಕ್ಕೊಂದು ಕ್ರಮವಿತ್ತು. ಒಕ್ಕಲಿನವರು ಸೌತೆ, ಬಾಳೆಗೊನೆ, ಗೇರುಹಣ್ಣು, ಹಲಸು, ತಮ್ಮಲ್ಲಿ ಬೆಳೆದದ್ದನ್ನು ತಂದು ಅಂಗಳದಲ್ಲಿ ಇಡುವುದು. ಬುಲೆಕಾಣಿಕೆ ಎಂದು ಅದರ ಹೆಸರು. ಅಪ್ಪ ಜಗಲಿಯಲ್ಲಿ ನಿಂತು ಒಬ್ಬೊಬ್ಬರಿಗೂ ತೆಂಗಿನಕಾಯಿ ಕೊಟ್ಟು, ಹಬ್ಬದ ಸ್ನಾನಕ್ಕೆಂದು ಒಂದು ಸೌಟು ಎಣ್ಣೆ ಹೊಯ್ಯುವುದು. ಸಣ್ಣವಳಿರುವಾಗ ಅಂಗಳದ ತುಂಬ ಜನರಿದ್ದದ್ದು ನನಗೆ ನೆನಪುಂಟು. ಆ ವರ್ಷವೂ ಅಪ್ಪ ಗಾಣದಿಂದ ಹೊಸ ಎಣ್ಣೆ ತರಿಸಿ ದೊಡ್ಡ ಭರಣಿಯ ತುಂಬ ಇಟ್ಟಿದ್ದರು. ಬಿಳಿ ಅಂಗಿ ಹಾಕಿ ಜಗಲಿಯಲ್ಲಿ ಕುಳಿತರು. ಹೊತ್ತು ಏರಿತು. ಯಾರೂ ಬರಲಿಲ್ಲ. ಬರಬೇಕೆಂದು ಈಗ ಯಾವ ಕಾನೂನೂ ಇರಲಿಲ್ಲ, ತಮ್ಮ ಗದ್ದೆಯ ಸೌತೆಯನ್ನು ತಾವೇ ತಿಂದರೆ ತಪ್ಪೂ ಇರಲಿಲ್ಲ. ಕೊನೆಗೆ ಬಾಬು ಒಬ್ಬ ಬಂದ, ಒಂದು ಹಲಸಿನಹಣ್ಣು ಹೊತ್ತುಕೊಂಡು. ಅಪ್ಪ ಅವನ ಗಿಂಡಿಗೆ ಸೌಟಿನಿಂದ ಎಣ್ಣೆ ಹೊಯ್ದರು. ಬಾಬು ಖಾಲಿ ಅಂಗಳವನ್ನೂ ತುಂಬಿದ ಭರಣಿಯನ್ನೂ ನೋಡಿ, ತಲೆ ತಗ್ಗಿಸಿ ಹೋದ. ಆ ಮಧ್ಯಾಹ್ನ ಅಪ್ಪ ಪಾಯಸ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗಬೇಕಿತ್ತು. ನಾನು ಚಾ ಕೊಂಡುಹೋದಾಗ ವಿಂಚು ಮದುಮಗನ ಹಾಗೆ ನಿಂತಿತ್ತು. ತುಂಬೆ, ಕೇಪುಳದ ಮಾಲೆ, ಗಂಧದ ಬೊಟ್ಟು, ಮೈಯೆಲ್ಲ ಎಣ್ಣೆ. ನೇಗಿಲು ನೊಗಗಳನ್ನು ತೊಳೆದು ಎಣ್ಣೆ ತೋರಿಸುವ ಹಾಗೆ ಅಪ್ಪ ಬೆಳಗಾತ ಎದ್ದು ಅದಕ್ಕೂ ಮಾಡಿದ್ದರು. ಹ್ಯಾಂಡಲ್ ತಿರುಗಿಸುವವರು ಕೈ ಮುಗಿದು ನಿಂತಿದ್ದರು. ವಾಸು ಬಂದವರೇ ಮಾಲೆ ನೋಡಿ ನಕ್ಕರು. ಎಣ್ಣೆ ಕಂಡದ್ದೇ ನಗು ನಿಂತಿತು.

"ಮಾವ, ಎಣ್ಣೆ ಬ್ರೇಕಿಗೆ ತಾಗಿತಾ?"

"ಹೊರಗಿಂದ ಹಚ್ಚಿದ್ದು ಅಷ್ಟೆ."

"ಎಣ್ಣೆ ಕುಡಿದ್ರೆ ಬ್ರೇಕಿನ ಪಟ್ಟಿ ಹಿಡಿಯುದಿಲ್ಲ. ಮುಚ್ಚಳ ಬಿಚ್ಚಿ ಒಮ್ಮೆ ನೋಡ್ತೇನೆ" ಎಂದು ವಾಸು ಸ್ಪ್ಯಾನರು ಎತ್ತಿಕೊಂಡರು.

ಅಪ್ಪನ ಮುಖ ಕೆಂಪಗಾಯಿತು. "ಯಾಕೆ? ನನ್ನ ಮಾತು ಸಾಕಾಗುದಿಲ್ವಾ ನಿಮಗೆ? ಹೊರಗಿಂದ ಅಂದ್ರೆ ಹೊರಗಿಂದ. ಈ ಮನೆಯಲ್ಲಿ ನಾನು ಹೇಳಿದ್ದಕ್ಕೆ ಅಷ್ಟೂ ಬೆಲೆ ಇಲ್ವಾ?"

ಎಲ್ಲರೂ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ವಾಸು ಒಮ್ಮೆ ಅಪ್ಪನ ಬರಿಹೆಗಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಸ್ಪ್ಯಾನರು ಕೆಳಗಿಟ್ಟರು. ಗಣಿಯಲ್ಲಿ ಅವರಿಗೆ ಎಷ್ಟೋ ಅಪಾಯಗಳ ಪಾಠವಾಗಿತ್ತು, ಮಾವನ ಪಾಠ ಆಗಿರಲಿಲ್ಲ. ಖಾಲಿ ಬಕೆಟ್ ಇಳಿಸಿ ನೋಡಿದರು. ಬ್ರೇಕು ಹಿಡಿಯಿತು. ಬಾಬು ಬಾವಿಯ ಗೋಡೆಯ ಮೆಟ್ಟು ಹಿಡಿದು ಇಳಿದ. ಅವನ ತಲೆಗೂದಲು ಹಬ್ಬದ ಎಣ್ಣೆಯಲ್ಲಿ ಮಿನುಗುತ್ತಿತ್ತು.

ಹಾರೆ, ಸುತ್ತಿಗೆ, ಉಳಿಗಳನ್ನು ತುಂಬಿದ ಬಕೆಟನ್ನು ಆಮೇಲೆ ಇಳಿಸಲು ತೊಡಗಿದರು. ಇಳಿಸುವಾಗ ಹ್ಯಾಂಡಲ್ ತೆಗೆದಿರುತ್ತಾರೆ, ಕೊಕ್ಕೆ ಎತ್ತಿರುತ್ತಾರೆ, ಭಾರವೆಲ್ಲ ಬ್ರೇಕಿನ ಮೇಲೆಯೇ. ಅರ್ಧ ದಾರಿಯವರೆಗೆ ಸರಿಯಾಗಿ ಹೋಯಿತು. ಆಮೇಲೆ ಸುಟ್ಟ ಎಣ್ಣೆಯ ಆ ವಾಸನೆ ಬಂತು. ಡ್ರಮ್ಮು ಗಿರ್ರನೆ ತಿರುಗಲು ಹಿಡಿಯಿತು. ವಾಸು ಇಡೀ ಮೈಭಾರ ಹಾಕಿ ಬ್ರೇಕಿನ ಸನ್ನೆಕೋಲು ಒತ್ತಿದರೂ ನಿಲ್ಲಲಿಲ್ಲ. "ಬಾಬೂ, ಒಳಗೆ! ಒಳಗೆ!" ಎಂದು ಕಿರುಚುತ್ತಲೇ, ತಿರುಗುತ್ತಿದ್ದ ಹಲ್ಲುಗಾಲಿಗೆ ಕಾಲಿನಿಂದ ಕೊಕ್ಕೆಯನ್ನು ಒದ್ದು ಹಾಕಿದರು. ಹಲ್ಲೊಂದು ಮುರಿದು ಹಾರಿತು, ಮುಂದಿನದ್ದು ಹಿಡಿಯಿತು. ಹಗ್ಗ ಜಗ್ಗಿ ನಿಂತಿತು. ಬಕೆಟ್ ಓರೆಯಾಗಿ ಒಳಗಿದ್ದ ಹಾರೆ ಹಾರಿ ಕೆಳಗೆ ಹೋಯಿತು. ಕೆಳಗಿಂದ ಬಂದ ಸ್ವರ ಮೊದಲೇ ಹೇಳಿದೆನಲ್ಲ, ಬಾಬುವಿನದ್ದೆಂದು ಗೊತ್ತಾಗುವ ಹಾಗಿರಲಿಲ್ಲ.

ಬಾಬು ಸುರಂಗದ ಒಳಗೆ ಸರಿದಿದ್ದ. ಹಾಗಾಗಿ ಜೀವ ಉಳಿಯಿತು. ಒಂದು ಪಾದ ಮಾತ್ರ ಹೊರಗಿತ್ತು. ವಾಸು ಕೆಳಗಿಳಿದು ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದರು. ಅಂಗಳದಲ್ಲಿ ಮಲಗಿಸಿದಾಗ ನಾನು ಬಾಬುವಿನ ತಲೆಯನ್ನು ಮಡಿಲಲ್ಲಿ ಹಿಡಿದುಕೊಂಡೆ. ಆ ಕೂದಲಿನ ವಾಸನೆ, ವಿಂಚಿನಿಂದ ಇನ್ನೂ ಹೊಗೆಯಾಡುತ್ತಿದ್ದ ವಾಸನೆ, ಎರಡೂ ಒಂದೇ. ಪರಿಚಯದವರ ಜೀಪಿನಲ್ಲಿ ಮೂಡಬಿದ್ರೆಗೆ ಒಯ್ದರು, ಅಲ್ಲಿಂದ ಮಂಗಳೂರಿಗೆ ಕಳಿಸಿದರು.

ಆಮೇಲೆ ನಾನು ಉಗ್ರಾಣಕ್ಕೆ ಹೋಗಿ ನೋಡಿದೆ. ಭರಣಿ ಖಾಲಿಯಾಗಿತ್ತು.

ಸಂಜೆ ಊರಿನ ನಾಲ್ವರು ಹಿರಿಯರು ಬಂದು ಜಗಲಿಯಲ್ಲಿ ಕುಳಿತರು. ಏನಾಯಿತು, ಹೇಗಾಯಿತು ಎಂದು ವಿಚಾರಣೆ. ಅಪ್ಪ ಕುರ್ಚಿಯಲ್ಲಿ ನೆಲ ನೋಡುತ್ತ ಇದ್ದರು. ವಾಸು ಅಂಗಳದಲ್ಲಿ ನಿಂತು, "ನನ್ನದೇ ತಪ್ಪು. ಮುಚ್ಚಳ ಬಿಚ್ಚಿ ನೋಡ್ಬೇಕಿತ್ತು. ನೋಡಲಿಲ್ಲ" ಎಂದರು. ಅಷ್ಟೇ. ಎಣ್ಣೆಯ ಹೆಸರೆತ್ತಲಿಲ್ಲ.

"ನಮ್ಮನ್ನೆಲ್ಲ ಹಿಂದೆ ಹೋಗಿ ಹಿಂದೆ ಹೋಗಿ ಅಂತ ಅಟ್ಟಿದ್ದೇ ಬಂತು" ಎಂದರು ಒಬ್ಬ ಹಿರಿಯರು. "ಗಣಿಯಲ್ಲಿ ಕಲಿತದ್ದು ಇಷ್ಟೆಯಾ ಮಾರಾಯ? ಇನ್ನು ಯಾರು ನಿನ್ನನ್ನು ನಂಬಿ ಬಾವಿಗೆ ಇಳಿಯುದು?"

ಅಪ್ಪ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಬಾಗಿಲ ಸಂದಿನಲ್ಲಿ ಕಾದೆ. ಅಪ್ಪ ಹೇಳಲಿಲ್ಲ. ನನ್ನ ಗಂಡನ ಹೆಸರು ಆ ಜಗಲಿಯಲ್ಲಿ ಮಣ್ಣುಪಾಲಾಗುತ್ತಿತ್ತು, ಅದು ಹೋದರೆ ಅವರ ಅನ್ನವೂ ಹೋಯಿತು. ಉಗ್ರಾಣದಿಂದ ಭರಣಿಯನ್ನು ಎತ್ತಿಕೊಂಡು ಬಂದು ಎಲ್ಲರ ನಡುವೆ ಬೋರಲು ಹಾಕಿದೆ. ಒಂದು ತೊಟ್ಟು ಮಾತ್ರ ಬಿತ್ತು.

"ಅಪ್ಪ, ಇದರಲ್ಲಿ ಇದ್ದ ಎಣ್ಣೆ ಎಲ್ಲಿಗೆ ಹೋಯ್ತು?"

ತೆಗೆದುಕೊಳ್ಳುವವರು ಬಾರದೆ ಉಳಿದ ಎಣ್ಣೆ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಾಯಿತು. ಒಳಗೂ ಹೋಗಲಿ, ಚೆನ್ನಾಗಿ ತಿರುಗಲಿ ಎಂದು ಮುಚ್ಚಳದ ಸಂದಿನಿಂದ ಹೊಯ್ದೇ ಹೊಯ್ದಿದ್ದಾರೆಂದೂ ಗೊತ್ತಾಯಿತು. ವಾಸು, "ಗಿರಿಜಾ, ಬೇಡ" ಎಂದರು. ಅಪ್ಪ ಎದ್ದು ನಿಂತರು, ನನ್ನನ್ನು ನೋಡಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೇಳಿದ್ದು ಸತ್ಯ. ಇವತ್ತಿಗೂ ಅದರಲ್ಲಿ ಒಂದು ಅಕ್ಷರ ಬದಲಿಸಲಾರೆ. ಆದರೆ ಹೆತ್ತ ಅಪ್ಪನನ್ನು ನಾಲ್ಕು ಜನರ ಎದುರು, ಅದೂ ಅವರು ಖಾಲಿ ಅಂಗಳ ಕಂಡ ಮರುದಿನವೇ, ಹಾಗೆ ಬತ್ತಲೆ ಮಾಡಿದ್ದಕ್ಕೆ ಆದ ನಾಚಿಕೆಯೂ ಸತ್ಯವೇ. ಎರಡನ್ನೂ ಇಷ್ಟು ವರ್ಷ ಒಟ್ಟಿಗೆ ಇಟ್ಟುಕೊಂಡು ಬಂದಿದ್ದೇನೆ.

ಬಾಬು ಪಾದಕ್ಕೆ ದಪ್ಪ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ. ಅವನ ಹೆಂಡತಿ ಬೀಡಿ ಕಟ್ಟಿ ಮನೆ ನಡೆಸುವವಳು, ಗಂಡನ ಆರೈಕೆ ಬೇರೆ. ಅವನು ಬಂದ ಮರುದಿನ ಬೆಳಿಗ್ಗೆ ಅಪ್ಪ ತಾಮ್ರದ ಕೊಡಪಾನ ಹೆಗಲಿಗಿಟ್ಟುಕೊಂಡು ಮನೆಯಿಂದ ಇಳಿದರು. ಗದ್ದೆಯ ಬದುವಿನ ಹುಣಿಯಲ್ಲಿ ನಡೆದು ಆ ಹಳೆಯ ಬಾವಿಗೆ ಹೋದರು. ಯಾವ ಬಾವಿಯ ನೀರು ಮುಟ್ಟಲಾರೆನೆಂದು ಗುಡ್ಡೆ ಅಗೆಸಿದರೋ ಅದೇ ಬಾವಿಯಿಂದ ಸೇದಿ, ಬಾಬುವಿನ ಬಚ್ಚಲಿನ ಹಂಡೆಗೆ ಹೊಯ್ದರು. ಹಂಡೆ ತುಂಬುವವರೆಗೆ ಹೋಗಿ ಬಂದು ಮಾಡಿದರು. "ಬೇಡ ಧಣಿ, ನಮಗೆ ಪಾಪ ಬರ್ತದೆ" ಎಂದು ಬಾಬುವಿನ ಹೆಂಡತಿ ಅತ್ತಳಂತೆ. ಅಪ್ಪ ಖಾಲಿ ಕೊಡ ಎತ್ತಿಕೊಂಡು ಮತ್ತೆ ಬಾವಿಗೆ ಹೋದರಂತೆ. ದಿನಾ ಬೆಳಿಗ್ಗೆ ಹೀಗೇ. ಜನ ಹುಣಿಯಲ್ಲಿ ನಿಂತು ನೋಡುತ್ತಿದ್ದರು, ಅಪ್ಪ ಹತ್ತಿರ ಬಂದಾಗ ಬೇರೆ ಕಡೆ ತಿರುಗುತ್ತಿದ್ದರು. ನೀರು ತುಳುಕಿ ಆ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿರುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿದ್ದೆ. ಓಡಿಹೋಗಿ ಕೊಡ ಕಸಿದುಕೊಳ್ಳಬೇಕೆನಿಸುತ್ತಿತ್ತು. ಯಾವ ಮುಖ ಹೊತ್ತು ಹೋಗಲಿ?

ವಾಸು ಬ್ರೇಕಿಗೆ ಹೊಸ ಪಟ್ಟಿ ಹಾಕಿದರು, ಬೆಳ್ತಂಗಡಿ ಕಡೆಯ ಕಮ್ಮಾರನಿಂದ ಹಲ್ಲು ಕೂರಿಸಿಕೊಂಡು ಬಂದರು. ಮೇ ಕೊನೆಯ ಪತ್ತನಾಜೆ ಕಳೆದು ಆಕಾಶ ಕಪ್ಪಾಗುವ ಹೊತ್ತಿಗೆ ಸುರಂಗದಲ್ಲಿ ಒರತೆ ಒಡೆಯಿತು. ಕೆಳಗಿಳಿದವರು ಬೇರೆ ಆಳುಗಳು. ಒಬ್ಬನೂ ವಾಸುವನ್ನು ನಂಬದೆ ಹಿಂದೆ ಸರಿಯಲಿಲ್ಲ. ಹೊಸ ಬಾವಿಯ ನೀರು ಸಿಹಿಯಾಗಿತ್ತು, ಅಪ್ಪ ಕುಡಿದರು. ಮುಂದಿನ ಬಿಸುವಿಗೆ ಅಪ್ಪ ಹೂವಿನ ಮಾಲೆಯನ್ನು ವಿಂಚಿಗೆ ಹಾಕದೆ, ಬಾವಿಯ ಮೇಲೆ ಹಗ್ಗ ಇಳಿಬಿಡಲು ನಿಲ್ಲಿಸುತ್ತಿದ್ದ, ಈಗ ದೂರದಲ್ಲಿ ಮರಕ್ಕೆ ಒರಗಿಸಿಟ್ಟ ಮೂರು ಕಾಲಿನ ಚೌಕಟ್ಟಿಗೆ ಕಟ್ಟಿದರು. ಎಣ್ಣೆ ತರಿಸಲಿಲ್ಲ. ನನ್ನೊಡನೆ ಮಾತಾಡುತ್ತಿದ್ದರು, ಊಟ ಆಯ್ತಾ, ದನ ಕಟ್ಟಿದಿಯಾ ಎಂದೆಲ್ಲ. ಆ ಎಣ್ಣೆ ನಾನೇ ಹೊಯ್ದೆ ಎಂಬ ಒಂದು ಮಾತಿಗೆ ನಾನು ಅವರ ಕೊನೆಯವರೆಗೂ ಕಾದೆ. ಆ ಮಾತು ಬರಲಿಲ್ಲ. ಇದೊಂದು ಕಾರಣಕ್ಕೆ ಅಪ್ಪನ ಮೇಲೆ ನನಗೆ ಒಳಗೊಳಗೆ ಸಿಟ್ಟೂ ಇತ್ತು.

ಮೊನ್ನೆ ಬಾಬು ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದ. ಓರೆಯಾದ ಆ ಪಾದ ಈಗ ಒಣಗಿದ ಸುವರ್ಣಗೆಡ್ಡೆಯ ಹಾಗಿದೆ. ಅವನ ಸೊಸೆ ಬೆಲ್ಲ, ನೀರು ತಂದಿಟ್ಟಳು. ಹಳೆಯ ಮಾತು ಬಂತು. ಬಸ್ಸಿನ ವಾಸನೆಯ ಸಂಗತಿ ಹೇಳಿದೆ. ಅವನು ನಕ್ಕ.

"ನಿಮಗೆ ವಾಸನೆ, ನನಗೆ ಸದ್ದು ಗಿರಿಜಕ್ಕ. ಹಂಡೆಗೆ ನೀರು ಹೊಯ್ಯುವ ಸದ್ದು. ಧಣಿಗಳು ಅಂಗಳಕ್ಕೆ ಕಾಲಿಟ್ರೆ ಸಾಕು, ನಾನು ಗೋಡೆ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಮಲಗ್ತಿದ್ದೆ. ಆ ನೀರಲ್ಲಿ ಮುಖ ತೊಳಿಲಿಕ್ಕೆ ನಾಚಿಕೆ ಆಗ್ತಿತ್ತು."

"ಒಂದು ದಿನವೂ ಅವರು ಮಾತಾಡಲಿಲ್ವಾ ನಿನ್ನ ಹತ್ರ?"

ಬಾಬು ಆ ಪಾದವನ್ನು ಕೈಯಿಂದ ಎತ್ತಿ ಬದಿಗೆ ಸರಿಸಿಟ್ಟ. "ಒಮ್ಮೆ ಮಾತಾಡಿದ್ರು. ಮಳೆ ಹಿಡಿದ ದಿನ. ಹಂಡೆ ತುಂಬಿಸಿ ಬಂದು ನನ್ನ ಚಾಪೆ ಹತ್ರ ನಿಂತ್ರು, ಬಟ್ಟೆಯಿಂದ ನೀರು ಇಳಿತಿತ್ತು. 'ಬಾಬು, ಎಣ್ಣೆ ನಾನೇ ಹೊಯ್ದದ್ದು' ಅಂದ್ರು."

"ನೀನು ಎಂತ ಹೇಳಿದೆ?"

"ಎಂತ ಹೇಳುದು? ಧಣಿಗಳ ಬಾಯಿಂದ ಅಂಥ ಮಾತು ಕೇಳಿಸ್ಕೊಳ್ಳಿಕ್ಕೆ ನನಗೆ ನಾಚಿಕೆ ಆಯ್ತು. ಕಣ್ಣು ಬಿಡ್ಲೇ ಇಲ್ಲ. ಅವರು ತುಂಬ ಹೊತ್ತು ನಿಂತ್ರು. ನಿದ್ದೆ ಬಂದಿದೆ ಅಂತ ತಿಳ್ಕೊಂಡು ಹೋದ್ರು. ಮರುದಿನದಿಂದ ಬರಲಿಲ್ಲ."

ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಿದ್ದೆ. ಸೊಸೆ ನೀರಿನ ಲೋಟವನ್ನು ನನ್ನ ಕಡೆ ಸರಿಸಿ, "ಕುಡೀರಿ, ನಮ್ಮ ಹಳೇ ಬಾವಿದು, ತಣ್ಣಗುಂಟು" ಎಂದಳು. ಕುಡಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.